ಅಕ್ಕನ ಪಾಲಿನ ಬಿಸಿಲು

ನಮ್ಮ ಊರಿನಲ್ಲಿ ಬಿಸಿಲು ಬೀಳುವುದು ಒಂದೇ ಜಾಗದಲ್ಲಿ. ಸೇತುವೆ ದಾಟಿದ ಮೇಲೆ, ಹಿಂದೆ ದನದ ಸಂತೆ ಕೂಡುತ್ತಿದ್ದ ಬಯಲಿನಲ್ಲಿ. ಉಳಿದ ಕಡೆಯೆಲ್ಲ ಬೆಳಕಿದೆ, ಬಿಸಿಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಚಪ್ಪರದ ಕೆಳಗೆ ಕೂತ ಹಾಗಿರುತ್ತದೆ. ಒಗೆದ ಬಟ್ಟೆ ಒಣಗಲು ಮೂರು ದಿನ ಬೇಕು, ಗೋಡೆಗೆ ವರ್ಷಕ್ಕೆ ಎರಡು ಸಲ ಸುಣ್ಣ ಹೊಡೆಯಬೇಕು, ಉಪ್ಪಿನ ಭರಣಿಯನ್ನು ಒಲೆಯ ಪಕ್ಕದಿಂದ ಕದಲಿಸುವಂತಿಲ್ಲ. ಹುಟ್ಟಿದಾಗಿನಿಂದ ಹೀಗೇ ಇದ್ದುದರಿಂದ ನಾವು ಇದನ್ನು ಕಷ್ಟ ಅಂದುಕೊಂಡವರಲ್ಲ.

ಆ ಬಯಲಿಗೆ ಬಿಸಿಲಕಟ್ಟಿ ಎಂದು ಹೆಸರು. ನೆಲದ ಮೇಲೆ ಸುಣ್ಣದಲ್ಲಿ ಚೌಕಗಳನ್ನು ಎಳೆದಿದ್ದಾರೆ, ಒಂದೊಂದೂ ಒಂದು ಹೊರಸು ಹಿಡಿಸುವಷ್ಟು. ಮನೆಗೊಂದು ಚೌಕ, ಒಂಬತ್ತು ದಿನಕ್ಕೊಮ್ಮೆ ಪಾಳಿ, ಪಾಳಿಗೆ ಒಂದು ತಾಸು. ಆ ತಾಸಿನಲ್ಲಿ ಚೌಕದೊಳಗೆ ಏನನ್ನು ಇಡಬೇಕೆಂಬುದು ಮನೆಯವರಿಗೆ ಬಿಟ್ಟದ್ದು. ಬಾಣಂತಿಯರು ಕೂಸನ್ನು ಮಲಗಿಸುತ್ತಾರೆ. ಕೆಲವರು ಹಪ್ಪಳ ಹರಡಿ ತಾವು ಅಂಚಿನಲ್ಲಿ ಕೂರುತ್ತಾರೆ. ಮುದುಕರು ಬರೀ ಮೈಯಲ್ಲಿ ಅಂಗಾತ ಮಲಗುತ್ತಾರೆ. ಗೇಟಿನ ರಾಚಪ್ಪ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಎದ್ದು ಮುಂದಿನವರಿಗೆ ಜಾಗ ಬಿಡಬೇಕು.

ನಮ್ಮ ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನನ್ನ ಅಕ್ಕ ಕಾಳವ್ವ. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ನನ್ನನ್ನು ಬೆಳೆಸುವುದರಲ್ಲೇ ಅವಳ ಮದುವೆಯ ವಯಸ್ಸು ದಾಟಿಹೋಯಿತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಂದಿಸಿ ಕೌದಿ ಹೊಲಿದು ಕೊಡುತ್ತಿದ್ದಳು. ಆ ಕೌದಿಗಳ ದುಡಿಮೆಯಲ್ಲೇ ನಾನು ಓದಿ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾದೆ. ನಾನೂ ಮದುವೆಯಾಗಲಿಲ್ಲ. ಕೇಳಿದವರಿಗೆ ಅಕ್ಕನ ಕಾರಣ ಹೇಳುತ್ತಿದ್ದೆ. ನಿಜವಾದ ಕಾರಣ ನನ್ನ ಸ್ವಭಾವ. ನನಗೆ ಯಾರ ಜೊತೆಗೂ ಒಂದು ತಾಸಿಗಿಂತ ಹೆಚ್ಚು ಕೂರಲು ಆಗುತ್ತಿರಲಿಲ್ಲ.

ನಲವತ್ತನೆಯ ವಯಸ್ಸಿನಲ್ಲಿ ನನ್ನ ಕೈಗೆ ಒಂದು ಎಲೆ ಬಂತು. ನಮ್ಮ ಹೆಡ್ಮಾಸ್ತರರ ಹೆಂಡತಿ ಕೊಟ್ಟದ್ದು. ಅಂಗೈಯಗಲ, ನಡುವೆ ಕಡುನೇರಳೆ, ಸುತ್ತ ಬೆಳ್ಳಿ ಬಳಿದಂಥ ಪಟ್ಟಿ. ಬಿಗೋನಿಯಾ ಎಂದರು. ಬೇರು ಎಲ್ಲಿ ಎಂದು ನಾನು ಎಲೆಯನ್ನು ತಿರುಗಿಸಿ ನೋಡಿದೆ.

“ಬೇರು ಬ್ಯಾಡ್ರಿ ಮಾಸ್ತರ. ಹಿಂದಿನ ನರ ಅಲ್ಲಲ್ಲಿ ಕೊಯ್ದು ಹಸಿ ಉಸುಕಿನ ಮ್ಯಾಲ ಹಾಸ್ರಿ. ಬಾರಿಗಿ ಕಡ್ಡಿ ಚುಚ್ಚಿ ಒತ್ತಿ ಇಟ್ಟು, ಮರತಬಿಡ್ರಿ,” ಅಂದರು.

ಮರೆಯಲಿಲ್ಲ, ದಿನಕ್ಕೆ ಹತ್ತು ಸಲ ನೋಡಿದೆ. ಆರನೆಯ ವಾರ, ಕೊಯ್ದ ಜಾಗದಲ್ಲೆಲ್ಲ ಉಗುರಿನಷ್ಟು ಸಣ್ಣ ಎಲೆಗಳು ಎದ್ದವು. ತಾಯಿ ಎಲೆ ಅಂಚಿನಿಂದ ಕೊಳೆಯುತ್ತಾ ಬಂದು, ಮರಿಗಳು ಬೇರು ಹಿಡಿಯುವ ಹೊತ್ತಿಗೆ ಪೂರ್ತಿ ಕರಗಿತು. ಅವನ್ನು ಒಂದೊಂದಾಗಿ ಕುಂಡಕ್ಕೆ ಇಳಿಸಿದೆ. ಕುಂಡದ ತೂತಿನ ಮೇಲೆ ಹಂಚಿನ ಚೂರು, ಅದರ ಮೇಲೆ ಕೆಂಪು ಮಣ್ಣು, ಕೊಳೆತ ಎಲೆ, ಉಸುಕು, ಒಂದು ಹಿಡಿ ಬೇವಿನ ಹಿಂಡಿ. ಬಿಗೋನಿಯಾ ಸಾಯುವುದು ನೀರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ, ಒಣಗಿದ್ದರೆ ಮಾತ್ರ ಅಂಚಿನಿಂದ ನೀರು ಕೊಡಬೇಕು. ಇದನ್ನೆಲ್ಲ ಕಲಿಯುವುದರಲ್ಲಿ ಎರಡು ವರ್ಷ ಹೋಯಿತು. ಕಿಟಕಿಯ ಕಟ್ಟೆ, ಗೂಡು, ಮೆಟ್ಟಿಲು, ಅಕ್ಕನ ಹೊಲಿಗೆಯ ಮೂಲೆ, ಎಲ್ಲ ಕಡೆ ಕುಂಡಗಳಾದವು.

ಅಕ್ಕ ಒಂದು ದಿನ ಎಲೆಯ ತುದಿಯನ್ನು ಚಿವುಟಿ ಬಾಯಿಗೆ ಹಾಕಿಕೊಂಡು, “ಹುಳಿ ಐತಿ. ಹುಣಸಿಹಣ್ಣು ಉಳೀತೈತಿ,” ಅಂದಳು. ಅಂದಿನಿಂದ ಅವಳ ಬಾಯಲ್ಲಿ ಬಿಗೋನಿಯಾ ಹುಳಿಸೊಪ್ಪಾಯಿತು.

ಎಲೆಯ ಜಾತಿಗೆ ನಮ್ಮ ಊರಿನ ನೆರಳು ಸಾಕಿತ್ತು. ಹೂವಿನ ಜಾತಿ ಬೇರೆ. ಹೊರಗಿನಿಂದ ಬಂದ ವ್ಯಾಪಾರಿಯೊಬ್ಬ ನನಗೆ ಮೂರು ಗಡ್ಡೆ ಕೊಟ್ಟ. ಅವು ಚಿಗುರಿದವು, ಎಲೆ ಬಿಟ್ಟವು, ಅಲ್ಲಿಗೆ ನಿಂತವು. ಬಿಸಿಲಕಟ್ಟಿಗೆ ಹೋಗುವಾಗ ಅಕ್ಕನೂ ನಾನೂ ಎದುರುಬದುರು ಕೂತು, ನಡುವೆ ಒಂದು ಕುಂಡ ಇಟ್ಟುಕೊಂಡೆವು. ನಾಲ್ಕನೆಯ ಪಾಳಿಗೆ ಮೊಗ್ಗು ಬಂತು. ಬಿಸಿಲು ಸಿಗದಿದ್ದರೆ ಈ ಗಿಡ ಸಾಯುವುದಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೂ ಬಿಡುವುದಿಲ್ಲ, ಅಷ್ಟೇ.

ನಮ್ಮ ಊರಿನಲ್ಲಿ ದೇವರಿಗೆ ಪತ್ರಿ ಏರಿಸುತ್ತೇವೆ. ಮದುವೆಗೂ ಹೆಣಕ್ಕೂ ಕಾಗದದ ಹೂವು. ಅಂಥ ಊರಿನಲ್ಲಿ ನನ್ನ ಕಿಟಕಿಯಲ್ಲಿ ಕುಂಕುಮ ಬಣ್ಣದ, ಸುತ್ತು ಸುತ್ತು ಎಸಳಿನ, ಬೋಗುಣಿಯಷ್ಟು ದೊಡ್ಡ ಹೂ ಅರಳಿತು. ಮೊದಲು ಹಾಲಿನವಳು ನಿಂತು ನೋಡಿದಳು. ಮರುದಿನ ಅವಳ ಓಣಿಯವರೆಲ್ಲ ಬಂದರು. ವಾರದ ಕೊನೆಗೆ ಬಾಗಿಲ ಮುಂದೆ ಸಾಲು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಉಸಿರು ತಾಗಿದರೆ ಬಾಡೀತು ಎಂಬಂತೆ ಬಗ್ಗಿ ನೋಡುತ್ತಿದ್ದರು. ಅಕ್ಕ ಬಂದವರಿಗೆ ಚಾಪೆ ಹಾಸಿ ಚಹಾ ಕೊಟ್ಟಳು. ಇಪ್ಪತ್ತು ವರ್ಷ ಹಲಗೆಯ ಮೇಲೆ ನಾನು ಬರೆದ ಮಾವು, ಕಮಲ, ನವಿಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ರಸ್ತೆಯಲ್ಲಿ ಗುರುತಿಲ್ಲದವರೂ ನಿಂತು ಕೈ ಮುಗಿಯುತ್ತಿದ್ದರು. ಅದು ನನಗೆ ಎಷ್ಟು ಬೇಕಾಗಿತ್ತು ಎಂಬುದು ಸಿಕ್ಕ ಮೇಲೆಯೇ ತಿಳಿಯಿತು.

ಪುರಸಭೆಯ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಕುಂಡಗಳ ಪ್ರದರ್ಶನ ಶುರುವಾಯಿತು. ಬೇರೆಯವರು ಎಲೆ ತರುತ್ತಿದ್ದರು, ನಾನೊಬ್ಬ ಹೂ ತರುತ್ತಿದ್ದೆ. ಒಂದು ಕುಂಡ ಮೂರಾಯಿತು, ಮೂರು ಎಂಟಾಯಿತು. ಎಂಟು ಕುಂಡ ಇಟ್ಟರೆ ಚೌಕದಲ್ಲಿ ಒಬ್ಬರಿಗೆ ಮಾತ್ರ ಮೊಣಕಾಲು ಮಡಚಿ ಕೂರುವಷ್ಟು ಜಾಗ ಉಳಿಯುತ್ತಿತ್ತು.

“ನಂಗ ಅಲ್ಲಿ ಕುಂತ್ರ ತಲಿ ಸುತ್ತತೈತಿ. ನೀ ಹೋಗಿ ಬಾ,” ಅಂದಳು ಅಕ್ಕ.

ನಾನು ನಂಬಿದೆ. ನಂಬಿದರೆ ನನಗೆ ಅನುಕೂಲವಿತ್ತು. ಕೈಗಾಡಿಯಲ್ಲಿ ಕುಂಡಗಳನ್ನು ಹೇರಿಕೊಂಡು ಒಬ್ಬನೇ ಹೋಗತೊಡಗಿದೆ.

ನಾಲ್ಕು ವರ್ಷ ಹೀಗೆ ನಡೆಯಿತು. ಅಕ್ಕನಿಗೆ ಐವತ್ತೊಂಬತ್ತು ಆಗಿದ್ದಾಗ ಒಂದು ಸಲ ಅವಳಾಗಿಯೇ ಕೇಳಿದಳು.

“ಈ ಪಾಳಿಗೆ ನಾ ಬರ್ತೀನಿ. ಮೊಣಕಾಲು ಭಾಳ ಹಿಡದಾವ. ಒಂದ್ ಸಲ ಕುಂಡ ಬಿಟ್ಟರ ಏನಾಗತೈತಿ?”

“ಮೊಗ್ಗು ಹಿಡದಾವ ಅಕ್ಕ. ಮುಂದಿನ ಪಾಳಿಗೆ ಹೋಗೋಣು.”

ಮುಂದಿನ ಪಾಳಿಗೂ ಹಾಗೇ ಅಂದೆ. ಅದರ ಮುಂದಿನ ಪಾಳಿಗೆ ಅವಳು ಕೇಳಲಿಲ್ಲ. ಆ ಮಧ್ಯಾಹ್ನ ಊಟಕ್ಕೆ ಕೂತಾಗ ರೊಟ್ಟಿಯ ಜೊತೆ ಹೊಸ ಚಟ್ನಿ ಇತ್ತು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಅರೆದದ್ದು. ರುಚಿಯಾಗಿತ್ತು.

“ಯಾವ ಸೊಪ್ಪು ಇದು?”

“ನಿನ್ನ ಹುಳಿಸೊಪ್ಪು.”

ಎದ್ದು ಹೋಗಿ ನೋಡಿದೆ. ಮೊದಲ ಎಲೆಯಿಂದ ಹುಟ್ಟಿದ ಗಿಡ, ಬೆಳ್ಳಿ ಪಟ್ಟಿಯದು, ಬುಡದವರೆಗೆ ಬೋಳಾಗಿತ್ತು. ವಾಪಸು ಬಂದು ನಿಂತುಕೊಂಡೇ ಹೇಳಿದೆ. ದನಿ ಏರಿಸಲಿಲ್ಲ. ಏರಿಸಿದ್ದರೆ ಸಿಟ್ಟಿನಲ್ಲಿ ಆಡಿದ ಮಾತು ಎಂದಾದರೂ ಅಂದುಕೊಳ್ಳಬಹುದಿತ್ತು.

“ಈ ಗಿಡ ನೋಡಾಕ ಊರ ಮಂದಿ ಬರ್ತಾರ. ನಿನ್ನ ನೋಡಾಕ ಯಾರ ಬರ್ತಾರ?”

ಅಕ್ಕ ಬುಟ್ಟಿಯಲ್ಲಿ ಉಳಿದಿದ್ದ ಇನ್ನೊಂದು ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. “ಖರೆ ಐತಿ,” ಅಂದಳು. ಆಮೇಲೆ ಆರು ವರ್ಷ ಅವಳು ಬಿಸಿಲಿನ ಮಾತೆತ್ತಲಿಲ್ಲ. ನಾನು ಪಾಳಿ ಮುಗಿಸಿ ಬಂದಾಗ ಪ್ರತಿ ಸಲವೂ ಒಲೆಯ ಮುಂದೆ ಕೂತಿರುತ್ತಿದ್ದಳು. ಚಹಾ ಕೊಡುತ್ತಿದ್ದಳು. ಕುಂಡಗಳನ್ನು ಇಳಿಸಲು ಕೈ ಹಚ್ಚುತ್ತಿದ್ದಳು. ಅವಳು ಮರೆತಿದ್ದಾಳೆ ಎಂದುಕೊಂಡೆ.

ಅರವತ್ತೈದನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ, ಕೊಡ ಎತ್ತಲು ಬಗ್ಗಿದವಳು ಎದ್ದೇಳಲಿಲ್ಲ. ಬೀಳಲೂ ಇಲ್ಲ, ಜಾರಲೂ ಇಲ್ಲ. ಬಗ್ಗಿದಲ್ಲೇ ತೊಡೆಯ ಎಲುಬು ಮುರಿದಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು ನನಗೆ ಹೊರಗಿನ ಮೆಟ್ಟಿಲವರೆಗೆ ಕೇಳಿಸಿತು. ಆಗ ನಾನು ಮೊಗ್ಗುಗಳನ್ನು ಚಿವುಟುತ್ತಿದ್ದೆ. ಒಂದು ತೊಟ್ಟಿಗೆ ಮೂರು ಮೊಗ್ಗು ಬರುತ್ತವೆ. ಅಕ್ಕಪಕ್ಕದ ಎರಡನ್ನು ತೆಗೆದರೆ ನಡುವಿನದು ದೊಡ್ಡದಾಗುತ್ತದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಎಲುಬು ರಸ್ಕಿನ ಹಾಗಾಗಿದೆ. ಇವರು ಬಿಸಿಲಿಗೆ ಹೋಗಿ ಎಷ್ಟು ವರ್ಷ ಆಯ್ತು?”

“ಹೋಗ್ತಿರತಾರ್ರಿ,” ಅಂದೆ ನಾನು.

ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದರು. ಅಕ್ಕ ನನ್ನ ಮುಖ ನೋಡಿದಳು.

“ಹೌದ್ರಿ, ಹೋಗ್ತಿರತೀನಿ,” ಅಂದಳು.

ಡಾಕ್ಟರಮ್ಮ ನಂಬಲಿಲ್ಲ. ಗುಳಿಗೆ ಬರೆದುಕೊಟ್ಟು, ಇನ್ನು ಮೇಲೆ ಒಂದು ಪಾಳಿಯೂ ತಪ್ಪಕೂಡದು, ತಪ್ಪಿದರೆ ಎಲುಬು ಕೂಡುವುದಿಲ್ಲ ಎಂದು ನನಗೆ ಬಿಡಿಸಿ ಹೇಳಿದರು.

ಹೊರಸಿನ ಮೇಲೆ ಮಲಗಿಸಿಯೇ ಅಕ್ಕನನ್ನು ಬಿಸಿಲಕಟ್ಟಿಗೆ ಒಯ್ದೆ. ಪಕ್ಕದ ಚೌಕದ ಮಕ್ತುಮಸಾಬರು ಗಾದಿ ತುಂಬುವವರು. ಸೇತುವೆಯ ಹತ್ತಿರ ಅವರ ಅಂಗಡಿ, ಅಕ್ಕ ಕೌದಿ ಹೊಲಿದು ಕೊಡುತ್ತಿದ್ದದ್ದು ಅಲ್ಲಿಗೇ. ಹತ್ತಿ ಸಾಗಿಸುವ ಅವರ ಉದ್ದನೆಯ ಗಾಡಿಯಲ್ಲಿ ಹೊರಸು ಹಿಡಿಸಿತು. ಹೊರಸು ಇಟ್ಟ ಮೇಲೆ ಚೌಕದಲ್ಲಿ ಒಂದು ಕುಂಡಕ್ಕೂ ಜಾಗವಿರಲಿಲ್ಲ. ನಾನು ಗೆರೆಯಾಚೆ ನೆರಳಿನಲ್ಲಿ ನಿಂತೆ.

ಐದು ಪಾಳಿ ಹೀಗೆ ಹೋದೆವು. ಎರಡನೆಯ ಪಾಳಿಗೆ ಅವಳು ಸೂಜಿ ದಾರ ಕೇಳಿದಳು. ಎದೆಯ ಮೇಲೆ ಬಟ್ಟೆಯ ತುಂಡು ಇಟ್ಟುಕೊಂಡು ಮಲಗಿದಲ್ಲೇ ಹೊಲಿದಳು. ಮೂರನೆಯ ಪಾಳಿಗೆ ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು.

“ನನ್ನೂ ಒಂದು ಕುಂಡದಾಗ ಇಡೋ. ಚಿಗುರ್ತೀನೇನೋ,” ಅಂದಳು.

ಮಕ್ತುಮಸಾಬರು ನಕ್ಕರು. ನಾನೂ ನಕ್ಕೆ. ಅವಳ ಜೊತೆ ಹಾಗೆ ನಕ್ಕು ಬಹಳ ವರ್ಷಗಳಾಗಿದ್ದವು. ಐದನೆಯ ಪಾಳಿಯ ಹೊತ್ತಿಗೆ ಅವಳು ಮುರಿದ ಕಾಲಿನ ಹೆಬ್ಬೆರಳನ್ನು ಅಲ್ಲಾಡಿಸಿ ತೋರಿಸುತ್ತಿದ್ದಳು.

ಮನೆಯಲ್ಲಿ ಬಿಗೋನಿಯಾಗಳು ಸೊರಗಿದವು. ಮೊಗ್ಗು ಹುಟ್ಟಿದವು, ಬಲಿಯುವ ಮೊದಲೇ ತೊಟ್ಟು ಕಳಚಿ ಮಣ್ಣಿನ ಮೇಲೆ ಬಿದ್ದವು. ಎಲೆಗಳ ಮೇಲೆ ಬಿಳಿ ಬೂದಿಯಂಥ ರೋಗ ಹತ್ತಿತು. ಕಿಟಕಿಯ ಮುಂದೆ ನಿಲ್ಲುವವರು ಕಡಿಮೆಯಾದರು, ಆಮೇಲೆ ಯಾರೂ ಬರಲಿಲ್ಲ. ಪ್ರದರ್ಶನಕ್ಕೆ ಹದಿನೈದು ದಿನ ಇರುವಾಗ ಪುರಸಭೆಯ ಗುಮಾಸ್ತ ಬಂದು, ಖಾಲಿ ಗಿಡಗಳನ್ನು ನೋಡಿ, “ಹೋಗ್ಲಿ ಬಿಡ್ರಿ ಮಾಸ್ತರ, ಎಲ್ಲಾರಿಗೂ ಒಂದು ಕಾಲ ಇರತೈತಿ,” ಅಂದ. ಸಮಾಧಾನದ ಮಾತು. ನನಗೆ ಅದು ಚುಚ್ಚಿತು.

ಒಂದು ಗಿಡದಲ್ಲಿ ಮಾತ್ರ ಒಂದು ಮೊಗ್ಗು ಉಳಿದಿತ್ತು. ಹೆಬ್ಬೆರಳಿನಷ್ಟು ದಪ್ಪ, ತುದಿಯಲ್ಲಿ ಕೆಂಪು ಇಣುಕುತ್ತಿತ್ತು. ಒಂದು ಬಿಸಿಲು ಸಿಕ್ಕರೆ ಅರಳುತ್ತದೆ, ಸಿಗದಿದ್ದರೆ ಉದುರುತ್ತದೆ. ನಮ್ಮ ಪಾಳಿ ಪ್ರದರ್ಶನಕ್ಕೆ ಮೂರು ದಿನ ಮೊದಲು ಬಿದ್ದಿತ್ತು. ಹೊರಸಿನ ಪಕ್ಕದಲ್ಲಿ ಆ ಒಂದು ಕುಂಡ ಹೇಗಾದರೂ ಹಿಡಿಸೀತೇ ಎಂದು ಮನೆಯಲ್ಲಿ ಸುಣ್ಣದಿಂದ ಚೌಕ ಎಳೆದು ಅಳೆದೆ. ಹಿಡಿಸಲಿಲ್ಲ. ಹೊರಸಿನ ಮೇಲೆ ಅಕ್ಕನ ಕಾಲಿನ ಬಳಿ ಇಡಬಹುದಿತ್ತು. ಆದರೆ ಹಾಗೆ ಮಾಡಲು ಅವಳನ್ನು ಕೇಳಬೇಕಾಗಿತ್ತು. ಕೇಳುವ ಮುಖ ನನಗಿರಲಿಲ್ಲ. ಸುಳ್ಳು ಹೇಳುವ ಮುಖ ಇತ್ತು.

“ಇವತ್ತ ಕಟ್ಟಿ ಬಂದ್ ಅಂತ ಅಕ್ಕ. ರಾಚಪ್ಪಗ ಜ್ವರ.”

“ಹೌದಾ. ಪಾಪ,” ಅಂದಳು.

ಶಾಲೆಯಲ್ಲಿ ಕೆಲಸವಿದೆ ಎಂದು ಹೇಳಿ, ಹಿತ್ತಲ ಬಾಗಿಲಿನಿಂದ ಕುಂಡಗಳನ್ನು ಸಾಗಿಸಿದೆ. ಒಂದಕ್ಕೆ ಅಂತ ಹೊರಟವನು ಎಂಟನ್ನೂ ಒಯ್ದೆ. ಮಕ್ತುಮಸಾಬರು ಅಕ್ಕನೆಲ್ಲಿ ಎಂದು ಕೇಳಲಿಲ್ಲ. ತಮ್ಮ ಗಾದಿಯನ್ನು ಮಗುಚಿ ಹಾಕಿ ಬೇರೆ ಕಡೆ ನೋಡುತ್ತಾ ಕೂತರು. ಆ ತಾಸಿನಲ್ಲಿ ಮೊಗ್ಗಿನ ಹೊರ ಎಸಳು ಸಡಿಲಾಗುವುದನ್ನು ನಾನು ಕಣ್ಣಾರೆ ಕಂಡೆ.

ಮನೆಗೆ ಬಂದಾಗ ಅಕ್ಕ ಎಚ್ಚರವಿದ್ದಳು. ಮಗ್ಗುಲು ಬದಲಿಸಬೇಕು ಎಂದಳು. ನಾನು ಬಗ್ಗಿ ಅವಳ ಬೆನ್ನಿನ ಕೆಳಗೆ ಕೈ ತೂರಿಸಿ ಎತ್ತಿದೆ. ಅವಳ ಕೆನ್ನೆ ನನ್ನ ಹೆಗಲಿಗೆ ಒರಗಿತು. ಒಂದು ಗಳಿಗೆ ಹಾಗೇ ಇದ್ದಳು.

“ನಿನ್ನ ಅಂಗಿ ಬೆಚ್ಚಗೈತಿ,” ಅಂದಳು.

ಅಷ್ಟೇ. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ.

ಪ್ರದರ್ಶನದಲ್ಲಿ ಆ ಹೂ ನೋಡುವವರ ಸಾಲು ಸಭಾಂಗಣದ ಬಾಗಿಲು ದಾಟಿ ರಸ್ತೆಯವರೆಗೆ ಹೋಗಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಕುಂಡದ ಪಕ್ಕದಲ್ಲಿ ನಿಂತಿದ್ದೆ. ಯಾರೋ ಮುದುಕಿ ನನ್ನ ಕೈಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಸಂತೋಷವಾಯಿತೇ ಎಂದು ಈಗ ನನ್ನನ್ನು ಕೇಳಿದರೆ ಹೌದು ಎಂದೇ ಹೇಳಬೇಕು.

“ಭಾಳ ಮಂದಿ ಬಂದಿದ್ರೇನು?” ಎಂದು ಅಕ್ಕ ಕೇಳಿದಳು.

“ಭಾಳ ಮಂದಿ.”

“ಚೊಲೊ ಆತು.”

ಮುಂದಿನ ಪಾಳಿಯ ದಿನ ಮಕ್ತುಮಸಾಬರ ಗಾಡಿ ತಂದು ಬಾಗಿಲಿಗೆ ಹಚ್ಚಿದೆ. ಅಕ್ಕ ಬರುವುದಿಲ್ಲ ಎಂದಳು.

“ನಂಗ ಬ್ಯಾಡ. ಹೂವ ಒಯ್ಯಿ.”

“ಅಕ್ಕ, ತಪ್ಪಾತು. ಇನ್ನೊಮ್ಮೆ ಹಂಗ ಮಾಡೂದಿಲ್ಲ.”

“ಸಿಟ್ಟಿಲ್ಲೋ ತಮ್ಮ. ನಂಗ ಸಾಕಾಗೇತಿ.”

ಆ ದಿನ ಬಿಟ್ಟೆ. ಅದರ ಮುಂದಿನ ಪಾಳಿಗೆ ಮಕ್ತುಮಸಾಬರನ್ನು ಕರೆದು, ಇಬ್ಬರೂ ಸೇರಿ ಹೊರಸು ಎತ್ತಿ ಗಾಡಿಗೆ ಹಾಕಿದೆವು. ಅವಳು ಕೊಸರಾಡಲಿಲ್ಲ. ಚೌಕದಲ್ಲಿ ಹೊರಸು ಇಳಿಸಿದ ಮೇಲೆ, ಹೊದ್ದಿದ್ದ ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಕೈಕಾಲುಗಳನ್ನೂ ಒಳಗೆ ಸೇರಿಸಿಕೊಂಡಳು. ಗಂಟೆ ಹೊಡೆಯುವವರೆಗೆ ಒಂದು ತಾಸು ಆ ಕೌದಿಯ ಕೆಳಗೆ ಅಲುಗಾಡದೆ ಮಲಗಿದ್ದಳು. ನಾನು ಗೆರೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಅಕ್ಕ, ಮುಖಾರ ತೆಗಿ, ಒಂದು ಕೈಯಾರ ತೆಗಿ ಎಂದು ಬೇಡಿದೆ. ಸುತ್ತಲಿನ ಚೌಕದವರು ನೋಡುತ್ತಿದ್ದರು. ಆಮೇಲೆ ನಾನು ಅವಳನ್ನು ಒತ್ತಾಯ ಮಾಡಲಿಲ್ಲ. ನಮ್ಮ ಚೌಕ ಹಲವು ಪಾಳಿ ಖಾಲಿ ಉಳಿಯಿತು. ಕುಂಡಗಳನ್ನು ಮತ್ತೆ ಒಯ್ಯುವ ಧೈರ್ಯ ನನಗೆ ಬರಲಿಲ್ಲ.

ಎಲುಬು ಕೂಡಲಿಲ್ಲ. ಬೆನ್ನಿನಲ್ಲಿ ಹುಣ್ಣಾಯಿತು. ಒಂದೂವರೆ ವರ್ಷ ಹಾಸಿಗೆಯಲ್ಲಿದ್ದು, ಚಳಿಗಾಲದ ಒಂದು ಮಧ್ಯಾಹ್ನ, ನಾನು ಅವಳ ಬಾಯಿಗೆ ಗಂಜಿ ಹಿಡಿದಿದ್ದಾಗಲೇ ಹೋದಳು. ಗಂಜಿಗೆ ಉಪ್ಪು ಕಡಿಮೆ ಎಂದು ಅದಕ್ಕೆ ಮೊದಲು ಹೇಳಿದ್ದಳು. ಮಣ್ಣು ಮಾಡಲು ಓಣಿಯವರು ಹನ್ನೆರಡು ಜನ ಬಂದಿದ್ದರು. ಯಾರೋ ತಂದ ಕಾಗದದ ಹಾರ ಹಾಕಿದೆವು. ನನ್ನ ಹತ್ತಿರ ಒಂದು ಹೂವೂ ಇರಲಿಲ್ಲ.

ತಿಂಗಳಾದ ಮೇಲೆ ಕುಂಡಗಳನ್ನು ಕೇಳಿದವರಿಗೆ ಕೊಟ್ಟೆ. ಪಾಳಿಯ ದಿನ ಬಂದಾಗ ಮನೆಯಲ್ಲಿ ಕೂರಲಾಗದೆ ಬಿಸಿಲಕಟ್ಟಿಗೆ ಹೋದೆ. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಆ ಚೌಕದಲ್ಲಿ ಏನನ್ನೂ ಇಡದೆ ನಾನೊಬ್ಬನೇ ಕೂತೆ. ಮಕ್ತುಮಸಾಬರು ತಮ್ಮ ಗಾದಿಯ ಅಂಚಿನವರೆಗೆ ಸರಿದು ಬಂದರು.

“ಮಾಸ್ತರ, ಹೇಳಬ್ಯಾಡ ಅಂದಿದ್ಲು ಆಕಿ. ಈಗ ಹೇಳಿದ್ರ ತಪ್ಪಿಲ್ಲ ಅನಸ್ತೈತಿ,” ಅಂದರು. “ಕಾಲು ಮುರಿಯೂಕಿಂತ ಮೊದಲು, ನಿಮ್ಮ ಪಾಳಿ ದಿನ ನಿಮ್ಮಕ್ಕ ಇಲ್ಲಿಗೆ ಬರ್ತಿದ್ಲು.”

“ಇಲ್ಲಿಗೆ ಅಂದ್ರ?”

ಅವರು ನನ್ನ ಬೆನ್ನ ಹಿಂದಿನ ತಂತಿ ಬೇಲಿಯನ್ನು ತೋರಿಸಿದರು. “ಅಲ್ಲಿ. ಹೊರಗ. ತಾಸು ಮುಗಿಯೂ ಹೊತ್ತಿಗೆ ಬಿಸಿಲು ಅಲ್ಲೀತನಕ ಸರೀತೈತಿ, ಒಂದು ಗೇಣು. ಆಕಿ ತಂತಿಯಾಗಿಂದ ಕೈ ಚಾಚಿ ನಿಂದರತಿದ್ಲು. ಮೊದಲನೇ ಸಲ ನಾ ನೋಡಿದಾಗ ಬಾಯಿ ಮ್ಯಾಲ ಬೆರಳಿಟ್ಟು, ಹೇಳಬ್ಯಾಡ ಅಂತ ಸನ್ನಿ ಮಾಡಿದ್ಲು.”

“ಎಷ್ಟ ಸಲ?”

“ಆರು ವರ್ಷ ಬಂದಾಳ್ರಿ. ತಪ್ಪಿಸಿದ್ದು ನಾ ಕಂಡಿಲ್ಲ.”

ಯಾವ ಕೈ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

“ಎರಡೂ,” ಅಂದರು. “ಒಂದಾದ ಮ್ಯಾಲ ಒಂದು.”

ರಾಚಪ್ಪ ಗಂಟೆ ಬಾರಿಸಿದ. ನಾನು ಎದ್ದು ಬೇಲಿಯ ಹೊರಗೆ ಹೋಗಿ ಅವರು ತೋರಿಸಿದ ಜಾಗದಲ್ಲಿ ನಿಂತೆ. ಅಲ್ಲಿಂದ ನಮ್ಮ ಚೌಕ ಪೂರ್ತಿ ಕಾಣುತ್ತಿತ್ತು. ಕುಂಡಗಳ ಮುಂದೆ ಬಗ್ಗಿ ಕೂತ ನನ್ನ ಬೆನ್ನೂ ಕಂಡಿರಬೇಕು. ಸೇತುವೆಯಿಂದ ನಮ್ಮ ಮನೆಗೆ ಅರ್ಧ ತಾಸಿನ ದಾರಿ. ಗರಡಿಯ ಓಣಿಯ ಮೆಟ್ಟಿಲು ಹತ್ತಿ ಹೋದರೆ ಸ್ವಲ್ಪ ಹತ್ತಿರ. ನಾನು ಕುಂಡ ಅಲುಗದಂತೆ ಗಾಡಿ ತಳ್ಳಿಕೊಂಡು ಸುತ್ತು ದಾರಿಯಲ್ಲಿ ಬರುತ್ತಿದ್ದೆ ನಿಜ. ಆದರೂ ಗಂಟೆಯಾದ ಮೇಲೆ ಹೊರಟು, ಆ ಮೆಟ್ಟಿಲು ಹತ್ತಿ, ನನಗಿಂತ ಮೊದಲು ಮನೆ ಸೇರಿ, ಒಲೆ ಹಚ್ಚಿ, ನಾನು ಬಾಗಿಲಿಗೆ ಬರುವಷ್ಟರಲ್ಲಿ ಚಹಾ ಕುದಿಸಬೇಕಾಗಿತ್ತು. ಆ ಮೊಣಕಾಲುಗಳಲ್ಲಿ ನನ್ನ ಅಕ್ಕ ಆರು ವರ್ಷ ಓಡಿದ್ದಳು.